ಒಡೆಯದೆ ಕಾಣುವ ಅಕ್ರೋಟಿನ ತಿರುಳು

ಒಂದು ಎಕ್ಸ್‌ರೇ ಚಿತ್ರ ಬರೀ ನೆರಳು. ಯಾವುದು ಮುಂದಿದೆ, ಯಾವುದು ಹಿಂದಿದೆ ಎಂಬುದು ಅದರಲ್ಲಿ ತಿಳಿಯದು. ಅದೇ ವಸ್ತುವಿನ ನೆರಳನ್ನು ಸುತ್ತಲಿನಿಂದಲೂ ಹಿಡಿದು ಲೆಕ್ಕ ಹಾಕಿದರೆ ಒಳಗಿನ ಒಂದೊಂದು ಪದರವನ್ನೂ ಬಿಡಿಸಿ ನೋಡಬಹುದು. ಈ ಗಣಿತವನ್ನು ಗಣಿತಜ್ಞ ಯೋಹಾನ್ ರಾಡಾನ್ 1917ರಲ್ಲೇ ಕೊಟ್ಟಿದ್ದರು. ಅದು ಆಸ್ಪತ್ರೆ ಸೇರಲು ಅರ್ಧ ಶತಮಾನ ಹಿಡಿಯಿತು. 1971ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದಾಗ, 28,800 ಅಳತೆಗಳಿಂದ ಮೂಡಿದ ಚಿತ್ರದ ಅಗಲ 80 ಚುಕ್ಕಿ, ಎತ್ತರವೂ 80 ಚುಕ್ಕಿ.

ಇಂದು ಅದಕ್ಕಿಂತ ಎಷ್ಟೋ ದೊಡ್ಡ ಲೆಕ್ಕವನ್ನು ಮನೆಯ ಕಂಪ್ಯೂಟರಿನಲ್ಲೇ ಮಾಡಬಹುದು, ಅದೂ ಬಿಡಿಗಾಸು ಖರ್ಚಿಲ್ಲದೆ. ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಸಂಶೋಧನಾ ಸಂಸ್ಥೆ ಸಿಡಬ್ಲ್ಯುಐ ಬೆಳೆಸಿದ ‘ಆಸ್ಟ್ರಾ ಟೂಲ್‌ಬಾಕ್ಸ್’ ಓಪನ್ ಸೋರ್ಸ್ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಕೋಡ್ ಬಿಚ್ಚಿ ನೋಡಬಹುದು, ತಿದ್ದಬಹುದು. ಕೈ ಪಳಗಿಸಿಕೊಳ್ಳಲು ಸ್ಕ್ಯಾನರ್ ಕೂಡ ಬೇಕಿಲ್ಲ. ಸಿಡಬ್ಲ್ಯುಐ ಸಂಶೋಧಕರು ತಮ್ಮ ಪ್ರಯೋಗಾಲಯದಲ್ಲಿ 42 ಅಕ್ರೋಟುಗಳನ್ನು ಎಕ್ಸ್‌ರೇಗೆ ಒಡ್ಡಿ, ಅಷ್ಟೂ ದತ್ತಾಂಶವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆ. ಅಕ್ರೋಟೇ ಏಕೆ? ಗಟ್ಟಿ ಚಿಪ್ಪು, ಒಳಗೆ ಮಡಿಕೆ ಮಡಿಕೆಯಾದ ತಿರುಳು, ನಡುವೆ ಗಾಳಿ. ಮೇಲಾಗಿ ಒಂದರಂತೆ ಇನ್ನೊಂದಿಲ್ಲ.

ತಂತ್ರಾಂಶವನ್ನು ಕೂರಿಸುವ ದಾರಿ ಪೈಥಾನ್ ಬಲ್ಲವರಿಗೆ ಪರಿಚಿತ. ಕೊಂಡಾ ಎಂಬ ಪ್ಯಾಕೇಜ್ ವ್ಯವಸ್ಥೆಯಲ್ಲಿ ಬೇರೆಯದೇ ಒಂದು ಎನ್ವಿರಾನ್‌ಮೆಂಟ್ ಮಾಡಿಕೊಂಡು, ಅದರೊಳಗೆ ಆಸ್ಟ್ರಾ ಹಾಕಿಕೊಳ್ಳುವುದು ಜಾಣತನ. ಇಲ್ಲದಿದ್ದರೆ ಮೊದಲೇ ಇದ್ದ ಲೈಬ್ರರಿಗಳ ಆವೃತ್ತಿಗೂ ಹೊಸದಕ್ಕೂ ಜಗಳ ಹತ್ತಿಕೊಳ್ಳುತ್ತದೆ. ಸಣ್ಣ ಲೆಕ್ಕಗಳು ಸಾಮಾನ್ಯ ಪ್ರೊಸೆಸರಿನಲ್ಲೇ ಓಡುತ್ತವೆ. ಮೂರು ಆಯಾಮದ ಕೆಲಸಕ್ಕೆ ಮಾತ್ರ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು. ಎಲ್ಲ ಸರಿಯಿದೆಯೇ ಎಂದು ನೋಡಲು ತಂತ್ರಾಂಶದೊಳಗೇ ಒಂದು ಪರೀಕ್ಷೆ ಉಂಟು. ಅದನ್ನು ಓಡಿಸಿದರೆ ಕಾರ್ಡಿನ ಹೆಸರು ತೋರಿಸಿ, ಪ್ರೊಸೆಸರ್ ಮತ್ತು ಕಾರ್ಡ್ ಎರಡರಲ್ಲೂ ಪುಟ್ಟ ಲೆಕ್ಕ ಮಾಡಿ ‘ಓಕೆ’ ಎನ್ನುತ್ತದೆ. ಕಾರ್ಡಿನ ಸಾಲಿನಲ್ಲಿ ‘ಓಕೆ’ ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಡ್ರೈವರನ್ನು.

ಇಷ್ಟಾದರೆ ಗೆದ್ದಂತೆ ಎಂದುಕೊಳ್ಳುವವರೇ ಹೆಚ್ಚು. ನಿಜವಾದ ತೊಡಕು ಆಮೇಲಿನದು. ಸ್ಕ್ಯಾನರಿನಿಂದ ಬಂದ ಕಚ್ಚಾ ಚಿತ್ರವನ್ನು ಹಾಗೇ ತುರುಕುವಂತಿಲ್ಲ. ಕಿರಣವೇ ಇಲ್ಲದಾಗ ತೆಗೆದ ಕಪ್ಪು ಚಿತ್ರವನ್ನು ಅದರಿಂದ ಕಳೆಯಬೇಕು, ವಸ್ತುವಿಲ್ಲದಾಗ ತೆಗೆದು ಹಾಗೆಯೇ ಕಪ್ಪು ಕಳೆದ ಖಾಲಿ ಚಿತ್ರದಿಂದ ಭಾಗಿಸಬೇಕು, ಆಮೇಲೆ ಲಾಗರಿದಮ್ ತೆಗೆದು ಚಿಹ್ನೆ ಬದಲಿಸಬೇಕು. ಕಿರಣದ ಮೂಲ, ತಿರುಗುವ ಅಕ್ಷ, ಡಿಟೆಕ್ಟರ್ ಇವುಗಳ ನಡುವಿನ ದೂರ ಎಷ್ಟೆಂದು ಹೇಳಬೇಕು. ಅಕ್ಷ ಡಿಟೆಕ್ಟರಿನ ನಟ್ಟನಡುವೆ ಇರದೆ ಕೆಲವೇ ಪಿಕ್ಸೆಲ್ ಸರಿದಿದ್ದರೂ ಅಂಚುಗಳು ಜೋಡಿಜೋಡಿಯಾಗಿ ಕಾಣುತ್ತವೆ. ಡಿಟೆಕ್ಟರಿನ ಒಂದು ಪಿಕ್ಸೆಲ್ ಕೆಟ್ಟಿದ್ದರೆ ಚಿತ್ರದಲ್ಲೊಂದು ಬಳೆ ಮೂಡುತ್ತದೆ. ಇದ್ಯಾವುದಕ್ಕೂ ತಂತ್ರಾಂಶ ದೂರು ಹೇಳುವುದಿಲ್ಲ. ಕೊಟ್ಟದ್ದನ್ನೇ ನಂಬಿ ಅಚ್ಚುಕಟ್ಟಾಗಿ ತಪ್ಪು ಚಿತ್ರ ಕೊಡುತ್ತದೆ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬರುವ ದೋಷಕ್ಕಿಂತ ಇದು ಅಪಾಯಕಾರಿ.

ನೆರಳುಗಳಿಂದ ಚಿತ್ರ ಕಟ್ಟಲು ಆಸ್ಟ್ರಾದಲ್ಲಿ ‘ರಾಮ್-ಲಾಕ್’ ಎಂಬ ಫಿಲ್ಟರ್ ಸಿಗುತ್ತದೆ. ಅದರ ಊರು ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ 1971ರ ಪ್ರಬಂಧದಲ್ಲಿ ಸೂಚಿಸಿದ್ದು ಇದನ್ನೇ. ನೆರಳುಗಳನ್ನು ಹಾಗೇ ಒಂದರ ಮೇಲೊಂದು ಹಿಂದಕ್ಕೆ ಹರಡಿದರೆ ಚಿತ್ರ ಮಸುಕಾಗುತ್ತದೆ; ಹರಡುವ ಮೊದಲೇ ಪ್ರತಿ ನೆರಳನ್ನೂ ಈ ಫಿಲ್ಟರಿನಲ್ಲಿ ಹಾಯಿಸಿದರೆ ಮಸುಕು ಹೋಗುತ್ತದೆ. ಫೂರಿಯರ್ ಪರಿವರ್ತನೆಯ ಗೋಜಿಲ್ಲದೆ ಇದನ್ನು ಸಾಧಿಸುವುದು ಅವರ ವಿಧಾನದ ಹೆಚ್ಚುಗಾರಿಕೆ. ಕಂಪ್ಯೂಟರಿನ ಸಮಯ ತುಟ್ಟಿಯಾಗಿದ್ದ ಆ ಕಾಲದಲ್ಲಿ ಇದು ಸಣ್ಣ ಲಾಭವಲ್ಲ.

ನೆರಳುಗಳು ಸಾಕಷ್ಟಿದ್ದಾಗ ಈ ವಿಧಾನ ಚುರುಕು, ಚೊಕ್ಕ. ಅಕ್ರೋಟಿನ ಸಾವಿರ ಚಿಲ್ಲರೆ ನೆರಳುಗಳಲ್ಲಿ ಹತ್ತಕ್ಕೊಂದನ್ನು ಮಾತ್ರ ಇಟ್ಟುಕೊಂಡರೆ ಚಿತ್ರದ ತುಂಬ ಗೆರೆಗಳು ಎದ್ದುಬಿಡುತ್ತವೆ. ಆಗ ನೆರವಿಗೆ ಬರುವುದು ‘ಸರ್ಟ್’ ಮುಂತಾದ ವಿಧಾನಗಳು: ಒಂದು ಚಿತ್ರ ಊಹಿಸಿ, ಅದರ ನೆರಳನ್ನು ಅಳತೆಯೊಂದಿಗೆ ಹೋಲಿಸಿ, ವ್ಯತ್ಯಾಸದಷ್ಟು ತಿದ್ದಿ, ಮತ್ತೆ ಹೋಲಿಸುವ ನಿಧಾನದ ಕೆಲಸ. ರೋಗಿಯ ಮೈಗೆ ತಗಲುವ ವಿಕಿರಣ ತಗ್ಗಿಸಲು ನೆರಳುಗಳನ್ನೇ ಕಡಿಮೆ ಮಾಡುವ ಸಂಶೋಧನೆಗೆ ಇಂಥ ವಿಧಾನಗಳೇ ಬೇಕು.

ಗಾತ್ರದ ಮಿತಿಯೂ ಒಂದಿದೆ. ಮೂರೂ ದಿಕ್ಕಿನಲ್ಲಿ ಸಾವಿರ ಚುಕ್ಕಿಯ ಘನಕ್ಕೆ 4 ಜಿಬಿ ಮೆಮೊರಿ ಬೇಕು. ಎರಡು ಸಾವಿರವಾದರೆ 32 ಜಿಬಿ. ಇಂಥ ಕಡೆ ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯ ಮತ್ತು ಯುರೋಪಿನ ಕಣಭೌತ ಸಂಶೋಧನಾ ಸಂಸ್ಥೆ ಸರ್ನ್ ಸೇರಿ ರೂಪಿಸಿದ ‘ಟಿಗ್ರೆ’ ನೆರವಾಗುತ್ತದೆ. ಇದೂ ಓಪನ್ ಸೋರ್ಸ್. ಕಾರ್ಡಿನಲ್ಲಿ ಹಿಡಿಸದ ಲೆಕ್ಕವನ್ನು ತಾನೇ ತುಂಡು ಮಾಡಿಕೊಂಡು ಮುಗಿಸುತ್ತದೆ.