ಅಂಗಾಲಿನ ಅಲಕ್ಷ್ಯ

ಕಣ್ಣಿಗೆ ವೈದ್ಯರುಂಟು, ಹಲ್ಲಿಗೆ ವೈದ್ಯರುಂಟು, ಕೂದಲಿಗೆ ಕ್ಷೌರಿಕನುಂಟು. ದೇಹದ ಭಾರವನ್ನೆಲ್ಲ ಜೀವಮಾನಪರ್ಯಂತ ಹೊರುವ ಪಾದಗಳಿಗೆ ಮಾತ್ರ ನಮ್ಮ ದೇಶದಲ್ಲಿ ಕೇಳುವವರಿಲ್ಲ. ಗುರುಹಿರಿಯರ ಪಾದಗಳಿಗೆ ನಮಸ್ಕರಿಸುವುದರಲ್ಲಿ ನಾವು ಯಾವ ಲೋಪವನ್ನೂ ಮಾಡುವುದಿಲ್ಲ; ಆದರೆ ಆ ಪಾದಗಳಲ್ಲಿ ಹುಣ್ಣುಂಟೋ ಇಲ್ಲವೋ ಎಂಬುದನ್ನು ಬಗ್ಗಿದ ಹೊತ್ತಿನಲ್ಲಿಯೂ ನೋಡುವುದಿಲ್ಲ.

ನಮ್ಮ ಪತ್ರಿಕೆಯ ಹಳೆಯ ಚಂದಾದಾರರೊಬ್ಬರು, ನಿವೃತ್ತ ಶಿರಸ್ತೇದಾರರು, ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯುಳ್ಳವರಾಗಿದ್ದರು. ಹೆಬ್ಬೆರಳಿನ ಬುಡದಲ್ಲಿ ಎದ್ದಿದ್ದ ಆಣಿಯನ್ನು ಒಂದು ಭಾನುವಾರ ಕ್ಷೌರದ ಬ್ಲೇಡಿನಿಂದ ತಾವೇ ಕೆತ್ತಿಕೊಂಡರು. ನೋವಾಗಲಿಲ್ಲ, ಆದುದರಿಂದ ಗಾಯವಾದುದೂ ತಿಳಿಯಲಿಲ್ಲ. ಹತ್ತು ದಿನಗಳ ಮೇಲೆ ದುರ್ಗಂಧ ಬಂದಾಗ ಮನೆಯವರು ನೋಡಿದರು. ಅಷ್ಟರಲ್ಲಿ ಕೀವು ಎಲುಬನ್ನು ಮುಟ್ಟಿತ್ತು. ಮೊದಲು ಬೆರಳನ್ನೂ, ಅನಂತರ ಮೊಣಕಾಲಿನ ಕೆಳಗಿನ ಭಾಗವನ್ನೂ ತೆಗೆಯಬೇಕಾಯಿತು. ಹತ್ತು ನಿಮಿಷಗಳ ಸರಿಯಾದ ಆರೈಕೆಯಿಂದ ನಿಲ್ಲಬಹುದಾಗಿದ್ದ ಅನಾಹುತವು ಒಂದು ಕುಟುಂಬದ ಉಳಿತಾಯವನ್ನೂ ನೆಮ್ಮದಿಯನ್ನೂ ನುಂಗಿತು.

ಇದು ಒಂದು ಮನೆಯ ಕಥೆಯೆಂದು ವಾಚಕರು ಭಾವಿಸಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ 10 ಕೋಟಿಗಿಂತ ಹೆಚ್ಚು ಮಂದಿಗೆ ಮಧುಮೇಹವುಂಟು. ಒಂದೊಂದು ಪಾದದಲ್ಲಿ 26 ಎಲುಬುಗಳು. ಎರಡು ಪಾದಗಳನ್ನು ಸೇರಿಸಿದರೆ ಶರೀರದ 206 ಎಲುಬುಗಳಲ್ಲಿ ಕಾಲುಭಾಗವು ಅಲ್ಲಿಯೇ ಇದೆ. ರಕ್ತದಲ್ಲಿ ಸಕ್ಕರೆಯು ಬಹುಕಾಲ ಹೆಚ್ಚಾಗಿದ್ದರೆ ಪಾದದ ನರಗಳು ಮರಗಟ್ಟುತ್ತವೆ, ರಕ್ತನಾಳಗಳು ಕಿರಿದಾಗುತ್ತವೆ. ಮುಳ್ಳು ನೆಟ್ಟರೂ, ಜೋಡು ಕಚ್ಚಿದರೂ, ದೇವಾಲಯದ ಪ್ರಾಕಾರದ ಬಿಸಿಗಲ್ಲು ಸುಟ್ಟರೂ ಅರಿವಾಗುವುದಿಲ್ಲ. ಆದ ಗಾಯವು ಬೇಗನೆ ಮಾಯುವುದೂ ಇಲ್ಲ. ನೋವನ್ನು ನಾವು ಶತ್ರುವೆಂದು ಬಗೆಯುತ್ತೇವೆ. ಅದು ವಾಸ್ತವವಾಗಿ ಮನೆಯ ಕಾವಲುಗಾರ. ಅವನು ನಿದ್ರೆಹೋದ ಮನೆಗೆ ಕಳ್ಳನು ನುಗ್ಗುವುದು ಸುಲಭ.

ಈ ತತ್ತ್ವವನ್ನು ಲೋಕಕ್ಕೆ ಮನಗಾಣಿಸಿದ ಕೆಲಸವು ನಮ್ಮ ನೆರೆಯಲ್ಲಿಯೇ ನಡೆಯಿತೆಂಬುದು ಸ್ಮರಣೀಯ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡರು, ಕುಷ್ಠರೋಗಿಗಳ ಬೆರಳುಗಳು ರೋಗದಿಂದಲೇ ಕಳಚಿಬೀಳುತ್ತವೆಂಬ ನಂಬಿಕೆಯು ತಪ್ಪೆಂದೂ, ಸ್ಪರ್ಶಜ್ಞಾನವಿಲ್ಲದ ಅಂಗಕ್ಕೆ ಮತ್ತೆಮತ್ತೆ ಪೆಟ್ಟು ಬೀಳುವುದೇ ಅದಕ್ಕೆ ಕಾರಣವೆಂದೂ ತೋರಿಸಿಕೊಟ್ಟರು. ಅದಕ್ಕೂ ಮುಂಚೆ, 1930ರ ದಶಕದಲ್ಲಿ, ಡಾಕ್ಟರ್ ಜೋಸೆಫ್ ಖಾನರು ಅಂಗಾಲಿನ ಹುಣ್ಣಿಗೆ ಪ್ಲಾಸ್ಟರಿನ ಕಟ್ಟು ಹಾಕಿ, ರೋಗಿಯು ನಡೆದಾಡುತ್ತಿರುವಂತೆಯೇ ಹುಣ್ಣು ಮಾಯುವ ಕ್ರಮವನ್ನು ಆಚರಿಸಿದ್ದರು. ಬ್ರಾಂಡರು 1960ರ ದಶಕದಲ್ಲಿ ಅಮೆರಿಕಕ್ಕೆ ಹೋದಾಗ ಈ ಕ್ರಮವೂ ಅಲ್ಲಿಗೆ ಹೋಯಿತು. ಮಧುಮೇಹಿಗಳ ಹುಣ್ಣಿಗೆ ಅದು ಇಂದಿಗೂ ಶ್ರೇಷ್ಠ ಚಿಕಿತ್ಸೆಗಳಲ್ಲೊಂದೆನಿಸಿದೆ. ನಮ್ಮ ಹಿತ್ತಲಿನ ಗಿಡವು ಪರರಿಗೆ ಮದ್ದಾಯಿತು. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಅದನ್ನು ಬಲ್ಲವರನ್ನು ಹುಡುಕಬೇಕಾಗಿದೆ.

ಪಶ್ಚಿಮ ದೇಶಗಳಲ್ಲಿ ಪಾದಚಿಕಿತ್ಸೆಯು ಪ್ರತ್ಯೇಕ ವೃತ್ತಿಯಾಗಿ ಶತಮಾನವೇ ಕಳೆದಿದೆ. ನ್ಯೂಯಾರ್ಕಿನಲ್ಲಿ ಅದರ ಪಾಠಶಾಲೆಯು 1911ರಲ್ಲಿಯೇ ಆರಂಭವಾಯಿತು. ಈ ವೃತ್ತಿಯವರನ್ನು ಪೋಡಿಯಾಟ್ರಿಸ್ಟರೆನ್ನುತ್ತಾರೆ. ಅವರ ಪರೀಕ್ಷೆಯು ಸರಳವಾದುದು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸುತ್ತಾರೆ. ರೋಗಿಗೆ ಅದು ತಿಳಿಯದಿದ್ದರೆ ಆ ಪಾದವು ಅಪಾಯದಲ್ಲಿದೆಯೆಂದರ್ಥ. ಹರಡಿನ ರಕ್ತದೊತ್ತಡವನ್ನು ತೋಳಿನದರೊಡನೆ ಹೋಲಿಸಿ ರಕ್ತವು ಸರಿಯಾಗಿ ಹರಿಯುತ್ತಿದೆಯೇ ಎಂದು ತಿಳಿಯುತ್ತಾರೆ. ಆಣಿಯನ್ನು ಕ್ರಮವಾಗಿ ಸವರುತ್ತಾರೆ. ಭಾರವೆಲ್ಲವೂ ಒಂದೇ ಕಡೆಗೆ ಬೀಳದಂತೆ ಮೆಟ್ಟನ್ನು ಹೊಂದಿಸಿಕೊಡುತ್ತಾರೆ. ಗಾಯವಿಲ್ಲದೆಯೂ ಪಾದವಾಗಲಿ ಹರಡಾಗಲಿ ಕೆಂಪಾಗಿ, ಬಿಸಿಯಾಗಿ ಬಾತರೆ, ಅದನ್ನು ಉಳುಕೆಂದು ತಳ್ಳಿಹಾಕದೆ, ಒಳಗೆ ಎಲುಬುಗಳು ಮುರಿಯುತ್ತಿವೆಯೇ ಎಂದು ಶಂಕಿಸಿ ನಡೆದಾಟವನ್ನು ನಿಲ್ಲಿಸುತ್ತಾರೆ. ಉಳುಕು ತೆಗೆಯುವವರಲ್ಲಿಗೆ ಹೋಗಿ ತಿಕ್ಕಿಸಿಕೊಂಡವರ ಪಾದವು ಶಾಶ್ವತವಾಗಿ ವಿಕಾರವಾಗಬಹುದು.

ಮನೆಯಲ್ಲಿ ಮಾಡಬೇಕಾದುದು ಬಹಳವಿಲ್ಲ. ಮಧುಮೇಹಿಯು ಪ್ರತಿರಾತ್ರಿಯೂ ಅಂಗಾಲನ್ನೂ ಬೆರಳುಗಳ ಸಂದನ್ನೂ ನೋಡಿಕೊಳ್ಳಬೇಕು. ಬಾಗಲಾರದವರು ಕನ್ನಡಿಯನ್ನಿಟ್ಟುಕೊಳ್ಳಬೇಕು, ಇಲ್ಲವೆ ಮಕ್ಕಳಿಂದ ನೋಡಿಸಬೇಕು. ಕಾಲನ್ನು ತೊಳೆದ ಮೇಲೆ ಸಂದುಗಳನ್ನು ಒರಸಬೇಕು; ಎಣ್ಣೆಯನ್ನು ಹಿಮ್ಮಡಿಗೆ ಸವರಬಹುದು, ಸಂದಿಗೆ ಕೂಡದು. ಉಗುರನ್ನು ನೇರವಾಗಿ ಕತ್ತರಿಸಬೇಕು. ಬ್ಲೇಡು, ಆಣಿಯ ಪಟ್ಟಿ, ಬಿಸಿನೀರಿನ ಶಾಖ, ಈ ಮೂರನ್ನೂ ದೂರವಿಡಬೇಕು. ಮನೆಯೊಳಗೂ ಬರಿಗಾಲಿನಲ್ಲಿ ಓಡಾಡಬಾರದು. ದೇವರ ದರ್ಶನಕ್ಕೆ ಬೆಳಗಿನ ತಂಪುಹೊತ್ತು ಸಾಕು. ಸುಡುಬಿಸಿಲಿನ ಪ್ರದಕ್ಷಿಣೆಯನ್ನು ಯಾವ ದೇವರೂ ಬೇಡಿಲ್ಲ.

ಇನ್ನು ಸರ್ಕಾರದವರಿಗೆ ಎರಡು ಮಾತು. 2021ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಸಹಾಯಕ ಆರೋಗ್ಯವೃತ್ತಿಗಳ ಕಾನೂನಿನ ಪಟ್ಟಿಯಲ್ಲಿ ಪೋಡಿಯಾಟ್ರಿಸ್ಟರ ಹೆಸರೂ ಸೇರಿದೆ. ಬೆಂಗಳೂರಿನ ಸರ್ಕಾರಿ ಮಧುಮೇಹ ಸಂಸ್ಥೆಯಲ್ಲಿ ಪಾದಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿರುವುದು ಸಂತೋಷಕರ. ಆದರೆ ಬೀದರಿನ ರೈತನೂ ಚಾಮರಾಜನಗರದ ಕೂಲಿಯೂ ಹುಣ್ಣಾದ ಕಾಲಿನೊಡನೆ ಬೆಂಗಳೂರಿಗೆ ಬರುವುದು ಸಾಧ್ಯವೇ? ನೈಲಾನ್ ಎಳೆಯ ಬೆಲೆ ಅತ್ಯಲ್ಪ. ಅದನ್ನು ಬಳಸುವ ವಿದ್ಯೆಯನ್ನು ದಾದಿಯರಿಗೆ ಕಲಿಸಲು ದೀರ್ಘಕಾಲವೂ ಬೇಡ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ವಾರಕ್ಕೊಂದು ದಿನ ಪಾದಪರೀಕ್ಷೆ ನಡೆಯಲಿ. ಮಧುಮೇಹಿಗಳು ಮಾತ್ರೆಗೆ ಬಂದಾಗ ಅವರ ಜೋಡನ್ನೂ ಕಳಚಿಸಿ ನೋಡಲಿ. ಮೆತ್ತನೆಯ ರಬ್ಬರಿನ ಅಡಿಯುಳ್ಳ ಮೆಟ್ಟುಗಳನ್ನು ಮಾಡುವ ಕಸುಬನ್ನು ನಮ್ಮ ಚರ್ಮಕುಶಲಿಗಳಿಗೆ ಕಲಿಸಿದರೆ ರೋಗಿಗೆ ಕಾಲೂ ಅವರಿಗೆ ಕೂಳೂ ಉಳಿಯುವುವು.

ಕೃತಕ ಕಾಲನ್ನು ಕೊಡಿಸುವುದು ಪುಣ್ಯದ ಕಾರ್ಯವೇ ಸರಿ. ದೇವರು ಕೊಟ್ಟ ಕಾಲನ್ನು ಉಳಿಸಿಕೊಡುವುದು ಅದಕ್ಕಿಂತಲೂ ಹಿರಿದು, ಅಗ್ಗವಾದುದೂ ಹೌದು. ಅಧಿಕಾರಿವರ್ಗದವರು ಇತ್ತ ಗಮನ ಕೊಡುವರೆಂದು ನಂಬುತ್ತೇವೆ. ಅಲ್ಲಿಯವರೆಗೆ ವಾಚಕರು ಈ ರಾತ್ರಿ ಮಲಗುವ ಮುನ್ನ ಮನೆಯ ಹಿರಿಯರ ಪಾದಗಳನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಬೇಕೆಂದು ಬಿನ್ನವಿಸುತ್ತೇವೆ.