‘ಆತ್ರಿ ಸರ’ ಅಂದ ಮೇಲಿನ ಮಾತು

ಗದಗ ಸೀಮೆಯಲ್ಲಿ ಸಾಹೇಬರ ಎದುರು ಒಲ್ಲೆ ಅನ್ನುವವರು ಕಡಿಮೆ. ಒಳಗೆ ‘ಆತ್ರಿ ಸರ, ಮಾಡ್ತೀನ್ರಿ’ ಅನ್ನುತ್ತಾರೆ. ಹೊರಗೆ ಬಂದು ಚಾದಂಗಡಿಯ ಬೆಂಚಿನ ಮೇಲೆ ಕೂತು ‘ಇಂಥಾ ಕೆಲಸಾ ಹಚ್ಚ್ಯಾನಲ್ಲೋ ನನಗ’ ಎಂದು ಶುರುಮಾಡುತ್ತಾರೆ. ಮುಂಡರಗಿಯಿರಲಿ, ಲಕ್ಷ್ಮೇಶ್ವರವಿರಲಿ, ಆ ಬೆಂಚಿನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಮಾಸ್ತರರಿಗೊಂದು ಖಾಯಂ ಜಾಗ ಇದ್ದೇ ಇರುತ್ತದೆ. ಅವರ ತಕರಾರು ಪಾಠದ ಬಗ್ಗೆ ಅಲ್ಲ. ಬಿಸಿಯೂಟದ ಅಕ್ಕಿ-ಬೇಳೆ ಲೆಕ್ಕ, ಹಾಲಿನ ಪುಡಿ, ಮೊಟ್ಟೆ, ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ, ಮತದಾರರ ಪಟ್ಟಿ, ಸಮೀಕ್ಷೆ. ಕಲಿಸಲು ಬಂದವರು ಕಲಿಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಿದ್ದೇವೆ ಎನ್ನುವ ಸಿಟ್ಟು ಅದು.

2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಈ ಸಿಟ್ಟು ಚೆನ್ನಾಗಿ ಕಾಯಿತು. ಅರವತ್ತು ಪ್ರಶ್ನೆ, ಕೈ ಕೊಡುವ ಆ್ಯಪ್, ಒಟಿಪಿ ಹೇಳಲು ಹೆದರುವ ಮನೆಯವರು. ದಸರಾ ರಜೆಯೊಳಗೆ, ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ಕೆಲಸ ಮುಗಿಯಲಿಲ್ಲ. ಶಾಲೆಗಳ ರಜೆಯನ್ನೇ 18ರವರೆಗೆ ಎಳೆಯಬೇಕಾಯಿತು. ನಮ್ಮ ಕಡೆ ಅದು ಶೇಂಗಾ, ಉಳ್ಳಾಗಡ್ಡಿಯ ಸುಗ್ಗಿ ಹೊತ್ತು. ಹಗಲಲ್ಲಿ ಮನೆಯ ಮಂದಿ ಹೊಲದಲ್ಲಿ. ಶಿರಹಟ್ಟಿ, ಮುಂಡರಗಿಯ ತಾಂಡಾಗಳಲ್ಲಿ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವರ ಬಾಗಿಲಿಗೆ ಬೀಗ. ಜನ ಸಿಗುವುದು ನಸುಕಿನಲ್ಲಿ, ಇಲ್ಲವೇ ದೀಪ ಹಚ್ಚಿದ ಮೇಲೆ. ಕತ್ತಲಾದ ಮೇಲೆ ಗುರುತಿಲ್ಲದ ಊರಿನ ಓಣಿಯಲ್ಲಿ ಒಬ್ಬ ಅಕ್ಕೋರು ಫೋನ್ ಹಿಡಿದು ನಿಲ್ಲುವುದೆಂದರೆ ಅದು ಬರೀ ಬೇಸರದ ಸಂಗತಿ ಅಲ್ಲ.

ನನಗೆ ಕಾಣುವ ತೊಡಕು ಇಲ್ಲೇ ಇದೆ. ‘ಈ ಕೆಲಸ ಬ್ಯಾಡ್ರಿ’ ಎನ್ನುವ ಒಂದೇ ಮಾತಿನೊಳಗೆ ಹತ್ತು ಬೇರೆ ಬೇರೆ ಮಾತುಗಳು ಸೇರಿಕೊಂಡಿರುತ್ತವೆ: ಕತ್ತಲ ಭಯ, ಆ್ಯಪ್ ಬಾರದ ಸಂಕೋಚ, ಪಾಠ ಉಳಿಯುತ್ತದೆಂಬ ಕಳವಳ, ಮತ್ತೆ ನನ್ನನ್ನೇ ಹಿಡಿದರಲ್ಲ ಎಂಬ ಉರಿ. ಮೇಲಿನವರ ಕಿವಿಗೆ ಇದೆಲ್ಲ ಕೆಲಸಗಳ್ಳತನ ಎಂದೇ ಬೀಳುತ್ತದೆ. ಬಿಡಿಸಿ ಹೇಳಿದರೆ ಉತ್ತರ ಬೇರೆ ಬರುವ ಸಂಭವವಿದೆ. ‘ಸಮೀಕ್ಷಾ ನನಗ ಒಲ್ಲೆ’ ಅಂದರೆ ಸಾಹೇಬರಿಗೆ ಇಲ್ಲ ಎನ್ನುವುದು ಬಿಟ್ಟು ದಾರಿಯಿಲ್ಲ. ‘ಸರ, ನನಗ ನಮ್ಮ ಊರಾಗಿನ ಓಣಿ ಕೊಡ್ರಿ, ಸಂಜಿಕ ಹೋಗೂದಿದ್ರ ಜೋಡಿ ಇನ್ನೊಬ್ಬರನ್ನ ಹಾಕ್ರಿ’ ಅಂದರೆ ಅವರು ಪಟ್ಟಿ ತೆಗೆದು ನೋಡಬಹುದು. ಕೆಲಸ ತಪ್ಪಲಿಲ್ಲ, ನಿಜ. ಅದರ ಮುಳ್ಳು ಮುರಿಯಿತು.

ಇನ್ನೊಂದು ಸಂಗತಿಯನ್ನು ಮಾಸ್ತರರು ಆಗಾಗ ಮರೆಯುತ್ತಾರೆ: ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಸಾಹೇಬ. ಬೂತ್ ಮಟ್ಟದ ಅಧಿಕಾರಿಯಾಗಿ ಮತದಾರರ ಪಟ್ಟಿ ತಿದ್ದುವವರು ಆ ಕೆಲಸದ ಮಟ್ಟಿಗೆ ಚುನಾವಣಾ ಆಯೋಗದ ಅಧೀನದವರು ಎಂದು 1950ರ ಪ್ರಜಾಪ್ರತಿನಿಧಿ ಕಾಯ್ದೆಯ 13ಸಿಸಿ ಕಲಮು ಹೇಳುತ್ತದೆ. ಹಾಗಿರುವಾಗ ಮುಖ್ಯೋಪಾಧ್ಯಾಯರ ಮೇಜಿನ ಮುಂದೆ ಎಷ್ಟು ಹೊತ್ತು ನಿಂತರೂ ಅವರ ಕೈಯಲ್ಲಿ ಏನೂ ಇಲ್ಲ. ಪಾಪ, ಸಣ್ಣ ಶಾಲೆಗಳಲ್ಲಿ ಅವರದೂ ಅದೇ ಪಾಡು. ಆ ಮಾತನ್ನು ತಹಶೀಲ್ದಾರ ಕಚೇರಿಯಲ್ಲಿ ಆಡಬೇಕು. ಬಿಸಿಯೂಟದ ಲೆಕ್ಕದ ಮಾತಿಗೆ ಮಾತ್ರ ಮುಖ್ಯೋಪಾಧ್ಯಾಯರೇ ಸರಿ. ಸರದಿ ಹಚ್ಚಿ ಹಂಚಿಕೊಳ್ಳುವುದು ಶಾಲೆಯೊಳಗೇ ಆಗುವ ಕೆಲಸ.

ಕಾನೂನು ಎಷ್ಟು ಆಸರೆ ಎಂಬುದನ್ನೂ ತಿಳಿದು ಹೋಗುವುದು ಮೇಲು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಮತದಾರರ ಪಟ್ಟಿಯ ಕೆಲಸವನ್ನು ರಜೆಯಲ್ಲಿ, ಪಾಠವಿಲ್ಲದ ದಿನಗಳಲ್ಲಿ ಮಾಡಿಸಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಸೇಂಟ್ ಮೇರಿಸ್ ಶಾಲೆಯ ಪ್ರಕರಣದಲ್ಲಿ ಹೇಳಿದೆ. ಆದರೆ ಕಲಮಿನ ನಂಬರಿನಿಂದಲೇ ಮಾತು ಶುರುಮಾಡಿದರೆ ಎದುರಿನವರು ಕುರ್ಚಿಯಲ್ಲಿ ನೆಟ್ಟಗೆ ಕೂತುಬಿಡುತ್ತಾರೆ. ‘ಐದನೇತ್ತಾ ಹುಡುಗೂರಿಗೆ ಭಾಗಾಕಾರ ಇನ್ನೂ ಬರವಲ್ದು ಸರ, ಶನಿವಾರ ಮಧ್ಯಾಹ್ನ, ಐತವಾರ ಪಟ್ಟಿ ಕೆಲಸಾ ಮಾಡ್ತೀನಿ’ ಎಂಬಲ್ಲಿಂದ ಶುರುವಾಗಲಿ. ಕಲಮು ಅರ್ಜಿಯ ಕೊನೆಯ ಸಾಲಿನಲ್ಲಿರಲಿ. ಅರ್ಜಿ ಮಾತ್ರ ಇರಲೇಬೇಕು, ಟಪಾಲಿನಲ್ಲಿ ಕೊಟ್ಟು ಒಂದು ಪ್ರತಿಯ ಮೇಲೆ ಠಸ್ಸೆ ಹಾಕಿಸಿಕೊಳ್ಳಬೇಕು. ಬಾಯಿಮಾತಿಗೆ ‘ನೋಡೂಣು’ ಎಂದ ಸಾಹೇಬರು ಮುಂದಿನ ತಿಂಗಳು ಬೇರೆ ತಾಲ್ಲೂಕಿಗೆ ವರ್ಗವಾಗಿ ಹೋಗಿರುತ್ತಾರೆ.

ಬೆಟಗೇರಿಯ ಕೂಲಿ ನೇಕಾರರಿಗೆ ಕಲಮೂ ಇಲ್ಲ, ಠಸ್ಸೆಯೂ ಇಲ್ಲ. ಮಾಲಕರ ಹತ್ತಿರ ಮುಂಗಡ ತಗೊಂಡ ಮೇಲೆ ನಾಲಿಗೆಗೆ ಅರ್ಧ ಬೀಗ ಬಿದ್ದಂತೆಯೇ. ಆದರೂ ಹೊತ್ತು ಹಿಡಿಯುವ ಹೊಸ ಅಂಚು ಬಂದಾಗ ನೇಕಾರ ‘ಇದು ನನಗ ಸೇರೂದಿಲ್ಲ’ ಅಂತ ಹೇಳಲಿಕ್ಕಿಲ್ಲ. ಈ ಅಂಚು ನೇಯ್ದರೆ ವಾರಕ್ಕೊಂದು ಸೀರೆ ಕಡಿಮೆ ಬೀಳುತ್ತದೆ, ಕೂಲಿ ಹೆಚ್ಚು ಮಾಡಿದರೆ ಸರಿ, ಇಲ್ಲವಾದರೆ ಹಳೇ ಅಂಚೇ ಇರಲಿ ಎಂದು ಲೆಕ್ಕ ಮುಂದಿಡುವುದೇ ಅವನಿಗಿರುವ ದಾರಿ. ಸೀರೆಗಿಷ್ಟು ಎಂದು ಕೂಲಿ ಎಣಿಸುವ ಮಾಲಕರಿಗೆ ಅರ್ಥವಾಗುವುದೂ ಆ ಲೆಕ್ಕವೇ. ಸಂಬಳದವರಿಗೆ ಈ ಜಾಣತನ ಬರಲು ಯಾಕೆ ಇಷ್ಟು ಕಷ್ಟವೋ! ತಿಂಗಳ ಕೊನೆಗೆ ಪಗಾರ ಬಂದೇ ಬರುತ್ತದೆಂಬ ಧೈರ್ಯ ನಮ್ಮನ್ನು ಮಾತಿನಲ್ಲಿ ಸೋಮಾರಿಯಾಗಿಸಿದೆ ಎಂದು ನನ್ನ ಗುಮಾನಿ.

ಮುಂದಿನ ದೊಡ್ಡ ಕೆಲಸ ಜನಗಣತಿ. ಅದರ ಆಧಾರ ದಿನ 2027ರ ಮಾರ್ಚ್ 1. ತಲೆ ಎಣಿಕೆ ಫೆಬ್ರುವರಿಯಲ್ಲಿ ಬೀಳುತ್ತದೆ, ಅದು ವಾರ್ಷಿಕ ಪರೀಕ್ಷೆಯ ತಯಾರಿಯ ತಿಂಗಳು. ಇದು 27ನೇ ಕಲಮೇ ಒಪ್ಪಿದ ಕೆಲಸ. 1948ರ ಗಣತಿ ಕಾಯ್ದೆಯಲ್ಲಿ ಒಲ್ಲೆ ಎಂದ ಗಣತಿದಾರರಿಗೆ ದಂಡವೂ ಉಂಟು. ಹಾಗಾಗಿ ಬೇಡ ಎನ್ನುವ ಮಾತು ಬಿಡಿ. ಯಾವ ಓಣಿ, ಯಾವ ಹೊತ್ತು, ಜೋಡಿಗೆ ಯಾರು ಎನ್ನುವುದನ್ನು ಪಟ್ಟಿಗೆ ಸಹಿ ಬೀಳುವ ಮೊದಲೇ ಹೋಗಿ ಕೇಳಿ. ಸಹಿಯಾದ ಮರುದಿನ ತಹಶೀಲ್ದಾರ ಕಚೇರಿ ಮುಂದೆ ಹೆಸರು ತೆಗೆಸಲು ಬಂದವರ ಪಾಳಿ ಗೇಟಿನಾಚೆ ದಾಟಿರುತ್ತದೆ.