ಸರಕಿನ ವ್ಯಾನಿಗೆ ಪರದೆಯ ರೇಡಿಯೋ ಮತ್ತು ಹಿಂಬದಿಯ ಕ್ಯಾಮರಾ

ಔರಾದ, ಭಾಲ್ಕಿ ಸೀಮೆಯ ಒಕ್ಕಲು ಮನೆಗಳಲ್ಲಿ ಬಂಡಿಯ ಕೆಲಸವನ್ನು ಈಗ ಬಹುಮಟ್ಟಿಗೆ ವ್ಯಾನು, ಪಿಕಪ್ಪುಗಳು ವಹಿಸಿಕೊಂಡಿರುವುದು ಸರ್ವರಿಗೂ ತಿಳಿದ ವಿಷಯವಾಗಿದೆ. ಡಾಬಕಾದಂಥ ಗ್ರಾಮಗಳಿಂದ ಹೆಸರು, ಉದ್ದು, ಸೋಯಾ, ತೊಗರಿಗಳು ಪೇಟೆಗೆ ಹೋಗುವುದೂ, ಪೇಟೆಯಿಂದ ಬೀಜ ಗೊಬ್ಬರಗಳು ಬರುವುದೂ ಇವುಗಳ ಮೇಲೆಯೇ. ಇಂಥ ವಾಹನವುಳ್ಳ ಜಮೀನುದಾರರಲ್ಲಿ ಅನೇಕರು ಅದರ ಡ್ಯಾಶ್‌ಬೋರ್ಡಿನಲ್ಲಿ ಪರದೆಯುಳ್ಳ ರೇಡಿಯೋ ಪೆಟ್ಟಿಗೆಯನ್ನು ಕೂಡಿಸಲು ಇಚ್ಛಿಸುತ್ತಾರೆ; ಇದು ವಿಲಾಸವೆಂದು ಮನೆಯ ಹಿರಿಯರು ಆಕ್ಷೇಪಿಸುತ್ತಾರೆ. ಹಾಡು ಕೇಳುವುದಷ್ಟೇ ಉದ್ದೇಶವಾದರೆ ಹಿರಿಯರ ಮಾತೇ ಸರಿ. ಆದರೆ ಅದೇ ಪರದೆಗೆ ಹಿಂಬದಿಯ ಕ್ಯಾಮರಾ ಒಂದನ್ನು ಜೋಡಿಸಿದಲ್ಲಿ ಆ ವೆಚ್ಚವು ಪ್ರಾಣರಕ್ಷಣೆಗೆ ಆಗುವ ವೆಚ್ಚವೆಂದು ನನ್ನ ಅಭಿಪ್ರಾಯ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಬಂಡಿಯನ್ನು ಹಿಂದಕ್ಕೆ ಸರಿಸಬೇಕಾದರೆ ಒಬ್ಬನು ಇಳಿದು ನೊಗ ಹಿಡಿಯುತ್ತಾನೆ. ನಮ್ಮ ದೇವಣಿ ಎತ್ತುಗಳು ಒಂದೊಂದೇ ಹೆಜ್ಜೆ ಹಿಂದಿಡುತ್ತವೆ. ವ್ಯಾನಿನ ಚಾಲಕನಾದರೋ ಕುಳಿತಲ್ಲಿಂದಲೇ ಹಿಂದಕ್ಕೆ ಬಿಡುತ್ತಾನೆ. ಅವನ ಕನ್ನಡಿಗಳು ಪಕ್ಕಗಳನ್ನು ತೋರಿಸುತ್ತವೆಯೇ ಹೊರತು ಗಾಡಿಯ ಬೆನ್ನಿಗೆ ಹತ್ತಿ ಕುಳಿತ ಮಗುವನ್ನು ತೋರಿಸಲಾರವು. ಚೀಲಗಳನ್ನು ಮೇಲಿನವರೆಗೆ ಹೇರಿದ್ದರೆ ಒಳಗಿನ ಕನ್ನಡಿಯೂ ನಿರುಪಯೋಗಿ. ರಾಶಿಯ ಕಾಲದಲ್ಲಿ ಕಣದ ಸ್ಥಿತಿಯನ್ನು ನೆನೆದುಕೊಳ್ಳಬೇಕು: ಯಂತ್ರದ ಸದ್ದು, ಹೊಟ್ಟಿನ ಧೂಳು, ಕಾಳು ಆಯುವ ಹೆಂಗಸರು, ಚೀಲದ ನೆರಳಿನಲ್ಲಿ ಮಲಗಿದ ಹಮಾಲರು, ಎಲ್ಲೆಂದರಲ್ಲಿ ಓಡಾಡುವ ಮಕ್ಕಳು. ಅಲ್ಲಿ ಕೂಗಿದರೆ ಕೇಳುವುದಿಲ್ಲ.

ಈ ಅಪಾಯವು ನಮ್ಮ ದೇಶಕ್ಕೇ ಮೀಸಲಲ್ಲ. ಅಮೆರಿಕೆಯಲ್ಲಿ 2002 ರಲ್ಲಿ ತಂದೆಯೊಬ್ಬನು ತನ್ನ ಮನೆಯಂಗಳದಲ್ಲೇ ವಾಹನವನ್ನು ಹಿಂದಕ್ಕೆ ಬಿಡುವಾಗ ಎರಡು ವರ್ಷದ ಅವನ ಮಗನೇ ಅದರಡಿ ಸಿಕ್ಕು ತೀರಿಕೊಂಡನು. ಆ ಮಗುವಿನ ಹೆಸರಿನಲ್ಲಿಯೇ 2008 ರಲ್ಲಿ ಕಾಯಿದೆಯಾಗಿ, 2018 ರ ಮೇ ತಿಂಗಳಿನಿಂದ ಅಲ್ಲಿ ಮಾರುವ ಹೊಸ ಕಾರು, ವ್ಯಾನುಗಳಿಗೆಲ್ಲ ಹಿಂಬದಿಯ ಕ್ಯಾಮರಾ ಕಡ್ಡಾಯವಾಯಿತು. ನಮ್ಮಲ್ಲಿ 2019 ರ ಜುಲೈ 1 ರಿಂದ ಹೊಸ ಪ್ರಯಾಣಿಕ ಕಾರುಗಳಿಗೆ, ಹಿಂದೆ ಅಡ್ಡಿಯಿದ್ದರೆ ಸದ್ದುಮಾಡುವ ಸೆನ್ಸರು ಕಡ್ಡಾಯವಾಗಿದೆ. ಆದರೆ ತಯಾರಿಕೆಯು ಅದೇ 2019 ರಲ್ಲಿ ನಿಂತುಹೋದ ಓಮ್ನಿಯಂಥ ಹಳೆಯ ವ್ಯಾನುಗಳು ಹಳ್ಳಿಗಳಲ್ಲಿ ಇನ್ನೂ ಓಡುತ್ತಿವೆ. ಅವುಗಳಿಗೆ ಮಾಲಿಕನೇ ಈ ಅನುಕೂಲವನ್ನು ಒದಗಿಸತಕ್ಕದ್ದು.

ಪೆಟ್ಟಿಗೆಯನ್ನು ಕೊಳ್ಳುವ ಮೊದಲು ಡ್ಯಾಶ್‌ಬೋರ್ಡಿನ ಬಾಯಿಯನ್ನು ಅಳೆಯಬೇಕು. ಅಗಲವು ಸಾಮಾನ್ಯವಾಗಿ 180 ಮಿಲಿಮೀಟರು. ಎತ್ತರವು ಒಂಟಿ ಅಳತೆಗೆ 50, ಜೋಡಿ ಅಳತೆಗೆ 100 ಮಿಲಿಮೀಟರು. ಅಳತೆ ತಿಳಿಯದೆ ತಂದು, ಬಳಿಕ ಡ್ಯಾಶ್‌ಬೋರ್ಡನ್ನು ಗರಗಸದಿಂದ ಕೊಯ್ಯುವುದು ಅವಿವೇಕ. ಪೆಟ್ಟಿಗೆಯೂ ಕ್ಯಾಮರಾವೂ ಸಾಮಾನ್ಯವಾಗಿ 12 ವೋಲ್ಟಿನವಾಗಿರುತ್ತವೆ. ದೊಡ್ಡ ಲಾರಿಗಳಲ್ಲಿ 24 ವೋಲ್ಟು ಇರುವುದರಿಂದ 12 ವೋಲ್ಟಿನದನ್ನು ಅವುಗಳಿಗೆ ಕೂಡಿಸಿದರೆ ಸುಟ್ಟುಹೋಗಬಹುದು. ಮಧ್ಯಮ ತರಂಗದಲ್ಲಿ ಆಕಾಶವಾಣಿಯ ಕೃಷಿ ಕಾರ್ಯಕ್ರಮ ಕೇಳುವ ರೂಢಿಯುಳ್ಳವರು, ಆ ಪಟ್ಟಿಯೂ ಇದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಬೇಕು. ಕೆಲವು ಹೊಸ ಪೆಟ್ಟಿಗೆಗಳಲ್ಲಿ ಎಫ್.ಎಂ. ಮಾತ್ರ ಇರುತ್ತದೆ.

ಕೆಲಸವನ್ನು ಫಿಟ್ಟರನೇ ಮಾಡಲಿ. ಮಾಲಿಕನು ಎದುರಿಗಿದ್ದು ನೋಡತಕ್ಕದ್ದು. ಮೊಟ್ಟಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಎಲ್ಲ ಕೆಲಸ ಮುಗಿದ ಮೇಲೆ ಅದನ್ನೇ ಕಡೆಗೆ ಕೂಡಿಸಬೇಕು. ಬಹುತೇಕ ಪೆಟ್ಟಿಗೆಗಳಲ್ಲಿ ಹಳದಿ ವಾಯರು ಬ್ಯಾಟರಿಯಿಂದ ಸದಾ ವಿದ್ಯುತ್ತನ್ನು ಪಡೆಯುವುದು, ಕೆಂಪು ವಾಯರು ಕೀಲಿ ತಿರುಗಿಸಿದಾಗ ಮಾತ್ರ ಪಡೆಯುವುದು, ಕಪ್ಪು ವಾಯರು ಗಾಡಿಯ ಲೋಹಕ್ಕೆ ಸೇರತಕ್ಕದ್ದು. ಕೆಲವರು ಸುಲಭವೆಂದು ಹಳದಿ ಕೆಂಪುಗಳೆರಡನ್ನೂ ಒಂದೇ ಕಡೆ ಹೆಣೆದುಬಿಡುತ್ತಾರೆ. ಆಗ ಕೀಲಿ ತೆಗೆದ ಮೇಲೂ ಪೆಟ್ಟಿಗೆ ಎಚ್ಚರವಾಗಿಯೇ ಇದ್ದು ರಾತ್ರಿಯೆಲ್ಲ ಬ್ಯಾಟರಿಯನ್ನು ಹೀರುತ್ತದೆ. ಬೆಳಿಗ್ಗೆ ಪೇಟೆಗೆ ಹೊರಡುವ ಹೊತ್ತಿಗೆ ನಾಲ್ಕು ಆಳು ಗಾಡಿಯನ್ನು ತಳ್ಳಬೇಕಾಗುತ್ತದೆ. ಹಳದಿ ವಾಯರಿನಲ್ಲಿ ಫ್ಯೂಸು ಇರಲೇಬೇಕು. ಕೈಯಿಂದ ತಿರುಚಿ ಟೇಪು ಸುತ್ತಿದ ಗಂಟುಗಳು ನಮ್ಮ ಬೇಸಿಗೆಯ ಸೆಕೆಗೆ ಸಡಿಲವಾಗುವುದರಿಂದ ಬೆಸುಗೆ ಹಾಕಿಸುವುದು ಉತ್ತಮ.

ಕ್ಯಾಮರಾಕ್ಕೆ ವಿದ್ಯುತ್ತನ್ನು ರಿವರ್ಸ್ ದೀಪದಿಂದ ಪಡೆಯುವುದು ರೂಢಿ. ಗೇರು ಹಿಂದಕ್ಕೆ ಬಿದ್ದೊಡನೆ ದೀಪವೂ ಕ್ಯಾಮರಾವೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಚಿತ್ರದ ವಾಯರಿನ ಜೊತೆಯಲ್ಲಿಯೇ ಬರುವ ಒಂದು ಸಣ್ಣ ಎಳೆಯು ಆ ಸುದ್ದಿಯನ್ನು ಮುಂದಿನ ಪೆಟ್ಟಿಗೆಗೆ ಮುಟ್ಟಿಸಿ, ಹಾಡನ್ನು ಬದಿಗಿಟ್ಟು ಹಿಂಬದಿಯ ಚಿತ್ರವನ್ನು ತಾನಾಗಿಯೇ ತರುತ್ತದೆ. ಈ ಎಳೆಯನ್ನು ಕೂಡಿಸದೆ ಬಿಟ್ಟರೆ ಚಾಲಕನು ಪ್ರತಿಸಲವೂ ಗುಂಡಿ ಒತ್ತಬೇಕಾಗುವುದು. ಅವಸರದಲ್ಲಿ ಒತ್ತುವವನು ಯಾರು? ಹಣ ಕೊಡುವ ಮೊದಲು ಇದನ್ನು ಅಗತ್ಯವಾಗಿ ಪರೀಕ್ಷಿಸಬೇಕು.

ವಾಯರನ್ನು ಎಳೆಯುವ ದಾರಿಯ ಮೇಲೂ ಗಮನವಿರಲಿ. ಓಮ್ನಿ, ಈಕೋಗಳಲ್ಲಿ ಎಂಜಿನ್ನು ಮುಂದಿನ ಸೀಟಿನ ಅಡಿಯಲ್ಲೇ ಇರುವುದರಿಂದ ಅದರ ಕಾವು ತಗಲದಂತೆ ಬಾಗಿಲ ಬದಿಯಿಂದ ಒಯ್ಯಬೇಕು. ತಗಡನ್ನು ತೂರುವಲ್ಲಿ ರಬ್ಬರಿನ ಬಳೆ ಹಾಕಬೇಕು, ಇಲ್ಲದಿದ್ದರೆ ಕುಲುಕಾಟಕ್ಕೆ ವಾಯರು ಕೊಯ್ದುಹೋಗುತ್ತದೆ. ದನದ ಕೊಟ್ಟಿಗೆಯ ಪಕ್ಕದಲ್ಲಿ ಗಾಡಿ ನಿಲ್ಲಿಸುವವರಿಗೆ ಇಲಿಯ ಕಾಟವೂ ಉಂಟು. ಮಡಿಕೆಯುಳ್ಳ ಪ್ಲಾಸ್ಟಿಕ್ ಕೊಳವೆಯೊಳಗೆ ವಾಯರು ಹಾಯಿಸುವುದು ಕ್ಷೇಮ.

ಪಿಕಪ್ಪಿನ ಹಿಂದಿನ ಹಲಗೆಗೆ ಕ್ಯಾಮರಾ ಕೂಡಿಸುವುದು ತಪ್ಪು. ಹಲಗೆ ಇಳಿಬಿಟ್ಟಾಗ ಅದು ನೆಲವನ್ನೇ ನೋಡುತ್ತದೆ, ಮೇಲಾಗಿ ಚೀಲ ತಾಗಿ ಒಡೆಯುತ್ತದೆ. ಕೆಳಗಿನ ಅಡ್ಡ ತೊಲೆಗೆ, ಗಾಡಿಯ ಹಿಂದಂಚು ಪರದೆಯ ಅಡಿಯಲ್ಲಿ ಸ್ವಲ್ಪ ಕಾಣುವಂತೆ ಬಾಗಿಸಿ, ಮೇಲೊಂದು ಸಣ್ಣ ತಗಡಿನ ಮರೆಯೊಡನೆ ಕೂಡಿಸುವುದು ಸರಿಯಾದ ಕ್ರಮ. ಈ ಮಸೂರಗಳು ಬಹಳ ಅಗಲವಾಗಿ ನೋಡುವುದರಿಂದ ಹತ್ತಿರದ ವಸ್ತು ದೂರವಿದ್ದಂತೆ ತೋರುತ್ತದೆ. ಆದಕಾರಣ ಗಾಡಿಯ ಹಿಂದೆ ಒಂದು, ಎರಡು, ಮೂರು ಮೀಟರಿಗೆ ಸುಣ್ಣದ ಗೆರೆ ಎಳೆದು, ಆ ಗೆರೆಗಳು ಪರದೆಯಲ್ಲಿ ಎಲ್ಲಿ ಬೀಳುವುವೆಂಬುದನ್ನು ಚಾಲಕನಿಗೆ ತೋರಿಸಿಕೊಡಬೇಕು. ಎಡ ಬಲಗಳು ಕನ್ನಡಿಯಂತೆಯೇ ಕಾಣುತ್ತವೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ತಿರುಗುಮುರುಗಾಗಿದ್ದರೆ ಪೆಟ್ಟಿಗೆಯಲ್ಲಿ ಇಲ್ಲವೆ ಕ್ಯಾಮರಾದಲ್ಲಿ ಬದಲಿಸಬಹುದು.

ಇಷ್ಟಾದರೂ ಎರೆಯ ಕೆಸರು ಒಮ್ಮೆ ಮೆತ್ತಿಕೊಂಡರೆ ಕ್ಯಾಮರಾ ಕುರುಡೇ ಸರಿ. ಹೊಟ್ಟಿನ ಧೂಳೂ ಹಾಗೆಯೇ. ಗಾಡಿ ಹೊರಡಿಸುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸುವುದನ್ನು ಚಾಲಕನ ಕೆಲಸಗಳಲ್ಲಿ ಸೇರಿಸತಕ್ಕದ್ದು. ಕಣದಲ್ಲಿ ಗಾಡಿ ಹಿಂದೆ ಬರುವಾಗ ಒಬ್ಬ ಆಳು ಚಾಲಕನಿಗೆ ಕಾಣುವಂತೆ ಪಕ್ಕದಲ್ಲಿ ನಿಲ್ಲುವ ಪದ್ಧತಿಯನ್ನು ಕ್ಯಾಮರಾ ಬಂದಿತೆಂದು ಬಿಡಲಾಗದು; ಗ್ರಾಮದ ಹಿರಿಯರು ಇದನ್ನು ಊರಿನ ಕಟ್ಟಳೆಯಾಗಿ ನಡೆಸಿದರೆ, ಕ್ಯಾಮರಾ ಇಲ್ಲದವರ ಕಣದಲ್ಲಿಯೂ ಮಕ್ಕಳಿಗೆ ರಕ್ಷಣೆ ದೊರೆಯುವುದು. ಗಾಡಿ ಓಡುವಾಗ ಚಲನಚಿತ್ರ ಕಾಣದಂತೆ ಪೆಟ್ಟಿಗೆಯಲ್ಲಿ ಕೈಬ್ರೇಕಿಗೆ ಸೇರಿಸುವ ವಾಯರೊಂದಿರುತ್ತದೆ. ಯುವಕರು ಅದನ್ನು ನೇರವಾಗಿ ಲೋಹಕ್ಕೆ ಕೂಡಿಸಿ ಆ ತಡೆಯನ್ನು ತಪ್ಪಿಸುವರು. ಇದಕ್ಕೆ ಮಾಲಿಕನು ಎಡೆಗೊಡಬಾರದು.

ಹೆಸರು ಉದ್ದುಗಳ ರಾಶಿ ಶ್ರಾವಣದಲ್ಲಿ ತೊಡಗುವುದರಿಂದ, ಮಾಡಿಸುವವರು ಆಷಾಢದೊಳಗೆ ಮಾಡಿಸಿಕೊಂಡು, ಬರಿ ಗಾಡಿಯಲ್ಲಿ ಚಾಲಕನಿಗೆ ಕೆಲವು ದಿನ ರೂಢಿ ಮಾಡಿಸುವುದು ಮೇಲು.